30 ಟಿಬಿ ಹಾರ್ಡ್ ಡಿಸ್ಕ್ ಬಂತು ಸರಿ, ಅದನ್ನ ಪೂರ್ತಿ ಓದೋಕೆ ಎಷ್ಟೊತ್ತು ಬೇಕು ಗೊತ್ತಾ?

ಹಾರ್ಡ್ ಡಿಸ್ಕ್ ಕಾಲ ಮುಗೀತು ಅನ್ನೋ ಮಾತನ್ನ ತಿರುಗೋ ಭಾಗಾನೇ ಇಲ್ದೆ ಚಿಪ್ಪಲ್ಲಿ ಡೇಟಾ ಇಡೋ ಎಸ್‌ಎಸ್‌ಡಿ ಬಂದಾಗಿಂದ ಕೇಳ್ತಾನೇ ಇದೀನಿ. ಲ್ಯಾಪ್‌ಟಾಪಿಂದ ಅದು ಹೋಗಿದ್ದು ನಿಜ, ಡೆಸ್ಕ್‌ಟಾಪಿಂದಾನೂ ಹೆಚ್ಚುಕಮ್ಮಿ ಹೋದಂಗೇ, ಆದ್ರೆ ಅದೇ ಹೊತ್ತಲ್ಲಿ ಆ ತಿರುಗೋ ತಟ್ಟೆ ಮೇಲೆ ನಡೆದಿರೋ ಕೆಲಸ ಇದ್ಯಲ್ಲ, ಅದನ್ನ ಓದ್ತಾ ಹೋದ್ರೆ ನಿಜವಾಗ್ಲೂ ಮೈ ಜುಂ ಅನ್ನತ್ತೆ. 2024ರ ಜನವರಿಲಿ ಹಾರ್ಡ್ ಡಿಸ್ಕ್ ಮಾಡೋ ಸೀಗೇಟ್ ಕಂಪನಿಯವರು ಮೊಸಾಯಿಕ್ 3+ ಅಂತ ಹೆಸರಿಟ್ಟು, ಒಂದೊಂದು ತಟ್ಟೆಗೆ 3 ಟಿಬಿ ಹಿಡಿಸೋ ಡ್ರೈವ್ ಘೋಷಣೆ ಮಾಡಿದ್ರು, ಹತ್ತು ತಟ್ಟೆ, ಒಟ್ಟು 30 ಟಿಬಿ, ಒಂದು ಟಿಬಿ ಅಂದ್ರೆ ಸಾವಿರ ಜಿಬಿ. 2025ರ ಜುಲೈ ಹೊತ್ತಿಗೆ ಅದು ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳಿಗೆ ಮಾತ್ರ ಅಲ್ಲ, ದುಡ್ಡು ಕೊಟ್ರೆ ಯಾರಿಗಾದ್ರೂ ಸಿಗೋ ಹಂಗಾಯ್ತು. ಅಳತೆ ಮಾತ್ರ ಹಳೇದೇ, ನಮ್ಮ ಡೆಸ್ಕ್‌ಟಾಪ್ ಒಳಗೆ ಇರ್ತಿದ್ದ ಅದೇ ಮೂರೂವರೆ ಇಂಚಿನ ಡಬ್ಬಿ.

ಇದು ಹೆಂಗೆ ಸಾಧ್ಯ ಆಯ್ತು ಅಂತ ಬರೀಬೇಕು ಅಂತ ಬಹಳ ದಿನದಿಂದ ಇತ್ತು. ಜೊತೆಗೆ ಇನ್ನೊಂದು ವಿಷಯಾನೂ ಹೇಳೋದಿದೆ, ಜಾಗ ಇಷ್ಟೊಂದು ಬೆಳೀತು, ಆದ್ರೆ ಆ ಜಾಗದೊಳಗೆ ಹಾಕೋ, ತೆಗೆಯೋ ವೇಗ ಅದಕ್ಕೆ ತಕ್ಕ ಹಂಗೆ ಬೆಳೀಲಿಲ್ಲ, ಮತ್ತೆ ಈ ಒಂದು ವಿಷಯ ಶಿವಮೊಗ್ಗದಲ್ಲೋ ಹೊಸನಗರದಲ್ಲೋ ಕೂತು ಡೇಟಾ ಕಾಪಾಡೋ ನಮ್ಮಂಥವರಿಗೆ ಟಿಬಿ ಲೆಕ್ಕಕ್ಕಿಂತ ಮುಖ್ಯ ಅಂತ ನಂಗನ್ಸತ್ತೆ.

ನಂಗ್ಯಾಕೆ ಇದೆಲ್ಲ ಅಂದ್ರೆ, ನಾನು ಯಕ್ಷಗಾನದ ಆಟ ಮತ್ತೆ ತಾಳಮದ್ದಳೆ ರೆಕಾರ್ಡ್ ಮಾಡೋನು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಎಲ್ಲಿ ಮೇಳ ಬಂದ್ರೂ, ಯಾರ ಮನೇಲಿ ಕೂಟ ಇದ್ರೂ, ಕರೆದ್ರೆ ಕ್ಯಾಮೆರಾ ಮೈಕು ತಗೊಂಡು ಹೋಗ್ತೀನಿ. ಜೊತೆಗೆ ಊರೂರಲ್ಲಿ ಹಳೇ ಕ್ಯಾಸೆಟ್ ಇದ್ದೋರ ಹತ್ರ ಅದನ್ನ ಇಸ್ಕೊಂಡು ಬಂದು ಕಂಪ್ಯೂಟರ್‌ಗೆ ಹಾಕ್ತೀನಿ. ಭಾಗವತರಾದ ಕಾಳಿಂಗ ನಾವಡರು ತೀರ್ಕೊಂಡಿದ್ದು 1990ರಲ್ಲಿ, ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ರು 2006ರಲ್ಲಿ, ಇವರ ಪದ್ಯ, ಇವರ ಅರ್ಥ ಇವತ್ತು ನಮ್ಮ ಕಿವಿಗೆ ಬೀಳತ್ತೆ ಅಂದ್ರೆ ಅದರಲ್ಲಿ ದೊಡ್ಡ ಪಾಲು ಕ್ಯಾಸೆಟ್‌ಗಳದ್ದು, ಎಷ್ಟೋ ಮನೇಲಿ ಆ ಕ್ಯಾಸೆಟ್‌ಗಳು ಅಟ್ಟದ ಮೇಲೆ ಥಂಡಿಗೆ ಬೂಷ್ಟು ಹಿಡಿದು ಕೂತಿವೆ.

ಆಡಿಯೊ ಆದ್ರೆ ತಲೆಬಿಸಿ ಇಲ್ಲ. 24 ಬಿಟ್, 48 ಕಿಲೋಹರ್ಟ್ಸ್, ಸ್ಟೀರಿಯೊ ಅಂತ ಒಳ್ಳೇ ಕ್ವಾಲಿಟಿಲಿ ಹಿಡಿದ್ರೂ ಗಂಟೆಗೆ 1 ಜಿಬಿ ಸುಮಾರು. ಆದ್ರೆ ವಿಡಿಯೊ ಹಂಗಲ್ಲ ಮಾರಾಯ್ರೆ, 4ಕೆ ಲಿ ಸೆಕೆಂಡಿಗೆ 100 ಮೆಗಾಬಿಟ್ ಇಟ್ಕೊಂಡ್ರೆ ಗಂಟೆಗೆ 45 ಜಿಬಿ, ಬೆಳಗಿನವರೆಗೆ ನಡೆಯೋ ಆಟ ಎಂಟು ಗಂಟೆ ಅಂದ್ರೆ 360 ಜಿಬಿ, ಒಂದು ಕ್ಯಾಮೆರಾ ಭಾಗವತರ ಕಡೆ ಇನ್ನೊಂದು ರಂಗಸ್ಥಳದ ಕಡೆ ಇಟ್ರೆ ಅಲ್ಲಿಗೆ 720 ಜಿಬಿ, ಒಂದೇ ರಾತ್ರಿದು. ಕ್ಲೌಡಿಗೆ ಹಾಕಿ ಅಂತ ಸುಮಾರು ಜನ ಹೇಳ್ತಾರೆ, 50 ಎಂಬಿಪಿಎಸ್ ಅಪ್‌ಲೋಡ್ ಒಂಚೂರೂ ಕಡಿಮೆ ಆಗ್ದೆ ಸಿಕ್ಕಿದ್ರೂ ಆ ಒಂದು ರಾತ್ರಿ ಆಟ ಮೇಲೆ ಹೋಗೋಕೆ 32 ಗಂಟೆ, ಹಳ್ಳಿ ಮನೆಗಳಲ್ಲಿ 5 ಎಂಬಿಪಿಎಸ್ ಅಪ್‌ಲೋಡ್ ಸಿಗೋದೂ ಅನುಮಾನ ಇರೋ ಜಾಗ ಬೇಕಾದಷ್ಟಿವೆ, ಅಲ್ಲಿ ಅದೇ ಲೆಕ್ಕ ಹದಿಮೂರು ದಿನ ದಾಟತ್ತೆ. ಹಂಗಾಗಿ ಹಾರ್ಡ್ ಡಿಸ್ಕ್ ಬಿಟ್ರೆ ನಮಗೆ ಬೇರೆ ದಾರಿ ಇಲ್ಲ.

ಸರಿ, ಈಗ ಒಳಗೆ ಏನಾಗತ್ತೆ ಅನ್ನೋದಕ್ಕೆ ಬರ್ತೀನಿ.

ಮೊದಲನೇ ಹಾರ್ಡ್ ಡಿಸ್ಕ್ 1956ರಲ್ಲಿ ಐಬಿಎಂ ಮಾಡಿದ ರಾಮ್ಯಾಕ್‌ದು. 24 ಇಂಚು ಅಗಲದ 50 ತಟ್ಟೆ, ಒಂದು ಟನ್ ತೂಕ, ಹಿಡೀತಿದ್ದಿದ್ದು 50 ಲಕ್ಷ ಅಕ್ಷರ, ಇವತ್ತಿನ ಲೆಕ್ಕದಲ್ಲಿ 4 ಎಂಬಿ ಕೂಡ ಪೂರ್ತಿ ಇಲ್ಲ. ಅಲ್ಲಿಂದ ಇಲ್ಲಿವರೆಗೆ ಮೂಲ ತತ್ವ ಒಂದೇ, ತಟ್ಟೆ ಮೇಲೆ ಅಯಸ್ಕಾಂತದ ಗುಣ ಇರೋ ತೆಳ್ಳಗಿನ ಲೇಪ, ಅದರ ಮೇಲೆ ತೇಲ್ತಾ ಹೋಗೋ ಹೆಡ್ಡು, ಹೆಡ್ಡು ಲೇಪದ ಸಣ್ಣ ಸಣ್ಣ ಜಾಗಗಳನ್ನ ಒಂದು ದಿಕ್ಕಿಗೋ ಅದರ ಉಲ್ಟಾ ದಿಕ್ಕಿಗೋ ಮ್ಯಾಗ್ನೆಟೈಸ್ ಮಾಡತ್ತೆ, ಅದೇ ನಮ್ಮ ಸೊನ್ನೆ ಒಂದು. ಈಗಿನ 7200 ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ 7200 ಸುತ್ತು ಸುತ್ತೋ ಡ್ರೈವಲ್ಲಿ ತಟ್ಟೆಯ ಹೊರಗಿನ ಅಂಚು ಗಂಟೆಗೆ ಸುಮಾರು 130 ಕಿಲೋಮೀಟರ್ ವೇಗದಲ್ಲಿ ಓಡ್ತಿರತ್ತೆ, ಅದಕ್ಕೂ ಹೆಡ್ಡಿಗೂ ನಡುವೆ ಇರೋ ಸಂದು ಕೆಲವೇ ನ್ಯಾನೊಮೀಟರ್. ಒಂದು ತಲೆಕೂದಲಿನ ದಪ್ಪವೇ 80 ಸಾವಿರ ನ್ಯಾನೊಮೀಟರ್ ಆಸುಪಾಸು ಇರತ್ತೆ, ಅದಕ್ಕೇ ಡ್ರೈವ್ ಓಡ್ತಿರುವಾಗ ಎತ್ತಿ ಅಲ್ಲಾಡಿಸ್ಬೇಡಿ ಅಂತ ಹೇಳೋದು.

ಜಾಗ ಬೆಳೆದಿದ್ದು ಮೆಟ್ಟಿಲು ಮೆಟ್ಟಿಲಾಗಿ. 1988ರಲ್ಲಿ ಆಲ್ಬರ್ಟ್ ಫರ್ಟ್ ಮತ್ತೆ ಪೀಟರ್ ಗ್ರೂನ್‌ಬರ್ಗ್ ಇಬ್ಬರೂ ಬೇರೆ ಬೇರೆ ಕಡೆ ಜೈಂಟ್ ಮ್ಯಾಗ್ನೆಟೊರೆಸಿಸ್ಟೆನ್ಸ್ ಅನ್ನೋದನ್ನ ಕಂಡುಹಿಡಿದ್ರು, ತೆಳು ಪದರಗಳ ಒಂದು ಜೋಡಣೆ, ಹತ್ರದ ಮ್ಯಾಗ್ನೆಟಿಕ್ ಫೀಲ್ಡ್ ಒಂಚೂರು ಬದಲಾದ್ರೂ ಅದರ ವಿದ್ಯುತ್ ರೋಧ ಎದ್ದು ಕಾಣೋ ಹಂಗೆ ಬದಲಾಗತ್ತೆ. 1997ರಲ್ಲಿ ಐಬಿಎಂ ಅದನ್ನ ಓದೋ ಹೆಡ್ಡಲ್ಲಿ ಹಾಕ್ತು, ಸಣ್ಣ ಬಿಟ್‌ಗಳನ್ನೂ ಓದೋಕಾಯ್ತು, ಆಮೇಲೆ ಕೆಲವು ವರ್ಷ ಡಿಸ್ಕ್ ಗಾತ್ರ ಓಡಿದ ರೀತಿ ಆ ಕಾಲದಲ್ಲಿ ಕಂಪ್ಯೂಟರ್ ತಗೊಂಡಿದ್ದವರಿಗೆ ನೆನಪಿರತ್ತೆ. ಇಬ್ಬರಿಗೂ 2007ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಮಧ್ಯೆ 2005-06ರಲ್ಲಿ ಬಿಟ್‌ಗಳನ್ನ ತಟ್ಟೆ ಮೇಲೆ ಮಲಗಿಸೋ ಬದಲು ನಿಲ್ಲಿಸಿ ಬರೆಯೋ ಪರ್ಪೆಂಡಿಕ್ಯುಲರ್ ರೆಕಾರ್ಡಿಂಗ್ ಮಾರ್ಕೆಟ್ಟಿಗೆ ಬಂತು, ಜಪಾನಿನ ಶುನಿಚಿ ಇವಾಸಾಕಿ ಅವರು 1970ರ ದಶಕದಲ್ಲೇ ಇದನ್ನ ಹೇಳಿದ್ರು, ಡಬ್ಬಿಗೆ ಬರೋಕೆ ಮೂವತ್ತು ವರ್ಷ ಹಿಡೀತು. 2007ರಲ್ಲಿ ಹಿಟಾಚಿಯವರ ಮೊದಲ 1 ಟಿಬಿ ಡ್ರೈವ್ ಬಂದಿದ್ದು ಇದರ ಮೇಲೇನೆ.

ಆಮೇಲೆ ಬಂಡಿ ನಿಧಾನ ಆಯ್ತು, ಕಾರಣ ಇದು, ನಿಧಾನವಾಗಿ ಓದಿ, ಇದು ಅರ್ಥ ಆದ್ರೆ ಉಳಿದಿದ್ದೆಲ್ಲ ಅರ್ಥ ಆಗತ್ತೆ. ತಟ್ಟೆ ಮೇಲಿನ ಲೇಪ ಒಂದೇ ಸಮ ಇರಲ್ಲ, 7-8 ನ್ಯಾನೊಮೀಟರಿನ ಸಣ್ಣ ಕಣಗಳಿಂದ ಆಗಿರತ್ತೆ, ಇವನ್ನ ಗ್ರೇನ್ ಅಂತಾರೆ. ಒಂದು ಬಿಟ್ ಅಂದ್ರೆ ಇಂಥ ಒಂದಷ್ಟು ಗ್ರೇನ್‌ಗಳ ಗುಂಪು. ಬಿಟ್ ಸಣ್ಣದಾಗ್ಬೇಕು ಅಂದ್ರೆ ಗ್ರೇನೂ ಸಣ್ಣದಾಗ್ಬೇಕು, ಇಲ್ಲಾಂದ್ರೆ ಬಿಟ್ಟಿನ ಅಂಚು ಒರಟಾಗಿ ಓದುವಾಗ ಗಲಿಬಿಲಿ ಆಗತ್ತೆ. ಆದ್ರೆ ಗ್ರೇನ್ ತೀರಾ ಸಣ್ಣದಾದ್ರೆ ಕೋಣೆಯ ಮಾಮೂಲಿ ಬಿಸಿಗೇ ಅದರ ಅಯಸ್ಕಾಂತದ ದಿಕ್ಕು ತನ್ನಷ್ಟಕ್ಕೆ ತಿರುಗಿಬಿಡತ್ತೆ, ಅಂದ್ರೆ ಬರೆದಿದ್ದು ಅಳಿಸಿಹೋಯ್ತು. ಇದಕ್ಕೆ ಸೂಪರ್‌ಪ್ಯಾರಾಮ್ಯಾಗ್ನೆಟಿಕ್ ಮಿತಿ ಅಂತ ಹೆಸರು. ಸರಿ, ದಿಕ್ಕು ಬದಲಾಗದೇ ಇರೋ ಗಟ್ಟಿ ಪದಾರ್ಥ ಹಾಕೋಣ ಅಂದ್ರೆ, ಅದು ಎಷ್ಟು ಗಟ್ಟಿ ಅಂದ್ರೆ ಬರೆಯೋ ಹೆಡ್ಡಿಗೂ ಬಗ್ಗಲ್ಲ, ಅಷ್ಟು ಸಣ್ಣ ಹೆಡ್ಡಲ್ಲಿ ಅಷ್ಟು ಜೋರಿನ ಫೀಲ್ಡ್ ಹುಟ್ಟಿಸೋಕಾಗಲ್ಲ. ಸಣ್ಣ ಗ್ರೇನ್ ಬೇಕು, ಅದು ವರ್ಷಗಟ್ಲೆ ಗಟ್ಟಿ ನಿಲ್ಬೇಕು, ಬರೆಯೋಕೂ ಬರ್ಬೇಕು, ಈ ಮೂರರಲ್ಲಿ ಎರಡು ಹಿಡಿದ್ರೆ ಮೂರನೇದು ಕೈ ಬಿಡತ್ತೆ. ಕಳೆದ ಇಪ್ಪತ್ತು ವರ್ಷದ ಹಾರ್ಡ್ ಡಿಸ್ಕ್ ಸಂಶೋಧನೆ ಪೂರ್ತಿ ಈ ಮೂರರ ಜೊತೆ ಗುದ್ದಾಟ.

ಸೀಗೇಟ್‌ನವರ ಉತ್ತರ ಬಿಸಿ ಮಾಡೋದು. ಎಚ್‌ಎಎಂಆರ್ ಅಂತಾರೆ, ಬಾಯಲ್ಲಿ ಹ್ಯಾಮರ್. ಲೇಪಕ್ಕೆ ಕಬ್ಬಿಣ-ಪ್ಲಾಟಿನಂ ಮಿಶ್ರಲೋಹ ಹಾಕ್ತಾರೆ, ಇದು ಮಾಮೂಲಿ ಬಿಸಿಲಿ ಬಹಳ ಗಟ್ಟಿ, ಗ್ರೇನ್ ಇನ್ನೂ ಸಣ್ಣ ಮಾಡಿದ್ರೂ ದಿಕ್ಕು ಬಿಡಲ್ಲ. ಆದ್ರೆ ಯಾವ ಅಯಸ್ಕಾಂತವೇ ಆಗ್ಲಿ, ಕ್ಯೂರಿ ತಾಪಮಾನ ಅಂತ ಒಂದಿದೆ, ಅದರ ಹತ್ರಕ್ಕೆ ಬಿಸಿ ಮಾಡಿದ್ರೆ ಹಿಡಿತ ಸಡಿಲ ಆಗತ್ತೆ. ಹಂಗಾಗಿ ಹೆಡ್ಡಿನ ಮೇಲೇ ಒಂದು ಪುಟ್ಟ ಲೇಸರ್ ಕೂರಿಸಿ, ಬರೆಯೋ ಆ ಒಂದು ಬಿಂದುವನ್ನ ಮಾತ್ರ 400 ಡಿಗ್ರಿ ಸೆಲ್ಸಿಯಸ್ ದಾಟಿಸಿ ಬಿಸಿ ಮಾಡಿ, ಸಡಿಲ ಆದ ಆ ಗಳಿಗೇಲಿ ಹೆಡ್ಡು ದಿಕ್ಕು ಬರೆದು, ತಟ್ಟೆ ಮುಂದೆ ಹೋಗ್ತಿದ್ದ ಹಂಗೇ ಅದು ತಣ್ಣಗಾಗಿ ಮತ್ತೆ ಗಟ್ಟಿ ಆಗತ್ತೆ, ಈ ಬಿಸಿ ಆಗೋದು ತಣ್ಣಗಾಗೋದು ಎಲ್ಲ ಸೇರಿ ಒಂದೆರಡು ನ್ಯಾನೊಸೆಕೆಂಡ್. ಒಂದು ಸೆಕೆಂಡನ್ನ ನೂರು ಕೋಟಿ ಪಾಲು ಮಾಡಿದ್ರೆ ಅದರಲ್ಲಿ ಒಂದೆರಡು ಪಾಲು. ಡ್ರೈವ್ ಒಟ್ಟಾರೆ ಬಿಸಿ ಆಗಲ್ಲ, ಯಾಕಂದ್ರೆ ಬಿಸಿ ಆಗೋ ಜಾಗ ಅಷ್ಟು ಸಣ್ಣದು.

ಇಲ್ಲಿ ಒಂದು ಕಷ್ಟ ಇದೆ, ನಂಗೆ ಇಡೀ ಕಥೆಲಿ ಅತಿ ಇಷ್ಟವಾದ ಭಾಗ ಇದೇ. ಬೆಳಕನ್ನ ಲೆನ್ಸ್ ಇಟ್ಟು ಎಷ್ಟು ಸಣ್ಣ ಬಿಂದುವಿಗೆ ತಂದ್ರೂ ಅದರ ತರಂಗದ ಉದ್ದದ ಅರ್ಧಕ್ಕಿಂತ ಬಹಳ ಕೆಳಗೆ ಹೋಗಲ್ಲ. ಇಲ್ಲಿ ಬಳಸೋ ಲೇಸರ್ ಬೆಳಕಿನ ತರಂಗ 800 ನ್ಯಾನೊಮೀಟರ್ ಆಸುಪಾಸು, ಬಿಸಿ ಮಾಡ್ಬೇಕಾದ ಜಾಗ ಕೆಲವೇ ಹತ್ತು ನ್ಯಾನೊಮೀಟರ್. ಲೆನ್ಸಿಂದ ಆಗೋ ಕೆಲಸವೇ ಅಲ್ಲ. ಅದಕ್ಕೆ ನಿಯರ್ ಫೀಲ್ಡ್ ಟ್ರಾನ್ಸ್‌ಡ್ಯೂಸರ್ ಅಂತ ಚಿನ್ನದ ಒಂದು ಅತಿ ಸಣ್ಣ ಚೂರು ಹೆಡ್ಡಿನ ತುದೀಲಿ ಇಡ್ತಾರೆ, ಲೇಸರ್ ಬೆಳಕು ಅದರ ಮೇಲೆ ಬಿದ್ದಾಗ ಲೋಹದ ಮೇಲ್ಮೈಯಲ್ಲಿರೋ ಎಲೆಕ್ಟ್ರಾನ್‌ಗಳು ಒಟ್ಟಾಗಿ ತುಯ್ದಾಡಿ, ಆ ಶಕ್ತಿ ಚೂಪಾದ ತುದೀಲಿ ಸೇರಿ, ಅಲ್ಲಿಂದ ಕೆಳಗಿನ ತಟ್ಟೆಗೆ ದಾಟತ್ತೆ. ಚಿನ್ನ ಇದಕ್ಕೆ ಒಳ್ಳೇದು, ಆದ್ರೆ ಮೆದು ಲೋಹ, ಬಿಸಿಗೆ ಮೆತ್ತಗಾಗಿ ಆಕಾರ ಬಿಟ್ರೆ ಹೆಡ್ಡು ಹೋದ ಹಂಗೇ. ವರ್ಷಗಟ್ಲೆ ಹಗಲು ರಾತ್ರಿ ಓಡಿದ್ರೂ ಅದು ಆಕಾರ ಬಿಡ್ದೆ ಇರೋ ಹಂಗೆ ಮಾಡೋದ್ರಲ್ಲೇ ಇವರ ಬಹುಕಾಲ ಹೋಯ್ತು. 2012ರಲ್ಲಿ ಸೀಗೇಟ್ ಲ್ಯಾಬಲ್ಲಿ ಚದರ ಇಂಚಿಗೆ 1 ಟೆರಾಬಿಟ್ ಬರೆದು ತೋರಿಸಿದ್ರು, ಇಗೋ ಬಂತು ಅಂತ ಅವತ್ತಿಂದ ಪ್ರತೀ ವರ್ಷ ಸುದ್ದಿ ಓದ್ತಿದ್ವಿ, ನಿಜವಾದ ದೊಡ್ಡ ಪ್ರಮಾಣದ ಮಾಲು ಬಂದಿದ್ದು ಹನ್ನೆರಡು ವರ್ಷ ಆದಮೇಲೆ. ತಟ್ಟೇನೂ ಅಲ್ಯುಮಿನಿಯಂ ಬಿಟ್ಟು ಗಾಜಿಗೆ ಹೋಗ್ಬೇಕಾಯ್ತು, ಯಾಕಂದ್ರೆ ಕಬ್ಬಿಣ-ಪ್ಲಾಟಿನಂ ಲೇಪ ಹಾಕುವಾಗ ಬೇಕಾಗೋ ಬಿಸಿ ಅಲ್ಯುಮಿನಿಯಂ ತಟ್ಟೆ ತಡ್ಕೊಳ್ಳಲ್ಲ. ಇಷ್ಟು ವರ್ಷ ಹಿಡ್ಕೊಂಡು ಕೂತಿದ್ದು, ಬಿಡ್ಲಿಲ್ಲ ಅನ್ನೋದು ನಂಗೆ ದೊಡ್ಡ ವಿಷಯ.

ಬೇರೆಯವರು ಬೇರೆ ದಾರಿ ಹಿಡಿದ್ರು. ಬಿಸಿ ಬದಲು ಮೈಕ್ರೊವೇವ್ ಬಳಸೋ ಎಂಎಎಂಆರ್ ಒಂದಿದೆ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜಿಮ್ಮಿ ಝೂ ಅವರ ವಿಚಾರ, ಹೆಡ್ಡಲ್ಲೇ ಇರೋ ಸಣ್ಣ ಆಸಿಲೇಟರ್ ಮೈಕ್ರೊವೇವ್ ಹೊರಡಿಸಿ ಗ್ರೇನಿನ ದಿಕ್ಕನ್ನ ಅಲುಗಿಸತ್ತೆ, ಅಲುಗ್ತಿರುವಾಗ ತಿರುಗಿಸೋದು ಸುಲಭ. 2017ರಲ್ಲಿ ವೆಸ್ಟರ್ನ್ ಡಿಜಿಟಲ್ ಇದನ್ನ ಜೋರಾಗಿ ಘೋಷಣೆ ಮಾಡ್ತು, ಆದ್ರೆ ಆಮೇಲೆ ಅವರು ಮಾರ್ಕೆಟ್ಟಿಗೆ ತಂದಿದ್ದು ಇಪಿಎಂಆರ್ ಅಂತ ಇನ್ನೊಂದು, ಅದರಲ್ಲಿ ಬರೆಯೋ ಹೆಡ್ಡಿಗೆ ಸಣ್ಣ ಕರೆಂಟ್ ಹರಿಸಿ ಬರವಣಿಗೆ ಇನ್ನೂ ನಿಖರ ಮಾಡ್ತಾರೆ. ತೋಷಿಬಾದವರು 2021ರಲ್ಲಿ ಮೈಕ್ರೊವೇವ್ ದಾರೀಲೇ ಹೋಗಿ 18 ಟಿಬಿ ತಂದ್ರು. ಇವು ಎರಡೂ ಒಳ್ಳೇ ಕೆಲಸವೇ, ಆದ್ರೆ ಮುಂದಿನ ದೂರದ ದಾರಿ ಬಿಸಿಯದ್ದೇ ಅಂತ ಈಗ ಮೂರೂ ಕಂಪನಿಯವರು ಹೆಚ್ಚುಕಮ್ಮಿ ಒಪ್ಪಿದ್ದಾರೆ.

ಇನ್ನೊಂದು ಕಡೆ ತಟ್ಟೆ ಸಂಖ್ಯೆನೇ ಜಾಸ್ತಿ ಮಾಡಿದ್ರು. ಗಾಳಿ ತುಂಬಿದ ಡಬ್ಬೀಲಿ ತಟ್ಟೆ ಹತ್ತಿರ ಹತ್ತಿರ ಇಟ್ರೆ ಗಾಳಿ ಸುಳಿಗೆ ತಟ್ಟೆ, ಹೆಡ್ಡು ಎಲ್ಲ ಅದುರತ್ತೆ. 2013ರಲ್ಲಿ ಎಚ್‌ಜಿಎಸ್‌ಟಿ ಕಂಪನಿ ಹೀಲಿಯಂ ತುಂಬಿ ಏಳು ತಟ್ಟೆಯ 6 ಟಿಬಿ ಡ್ರೈವ್ ತಂತು, ಹೀಲಿಯಂ ಸಾಂದ್ರತೆ ಗಾಳಿಯ ಏಳನೇ ಒಂದು ಪಾಲು ಅಷ್ಟೇ, ಸುಳಿ ಕಡಿಮೆ, ಕರೆಂಟೂ ಕಡಿಮೆ ಎಳೆಯತ್ತೆ. ಈಗ ಅದೇ ಡಬ್ಬೀಲಿ ಹತ್ತು, ಹನ್ನೊಂದು ತಟ್ಟೆ ಕೂತಿವೆ.

ಮಲೆನಾಡಿನವರಿಗೆ ಈ ಹೀಲಿಯಂ ಡ್ರೈವಿಂದ ಇನ್ನೊಂದು ಲಾಭ ಇದೆ, ಯಾರೂ ಹೇಳಲ್ಲ. ಮಾಮೂಲಿ ಹಾರ್ಡ್ ಡಿಸ್ಕ್ ಮೇಲೆ ಒಂದು ಸಣ್ಣ ತೂತು ಇರತ್ತೆ, ಇದನ್ನ ಮುಚ್ಬೇಡಿ ಅಂತ ಬರೆದಿರ್ತಾರೆ ನೋಡಿ. ಒಳಗಿನ ಹೊರಗಿನ ಗಾಳಿ ಒತ್ತಡ ಸಮ ಆಗ್ಲಿ ಅಂತ ಅದು, ಫಿಲ್ಟರ್ ಇರತ್ತೆ, ಧೂಳು ಹೋಗಲ್ಲ, ಆದ್ರೆ ಗಾಳಿಲಿರೋ ನೀರಿನಂಶ ನಿಧಾನಕ್ಕೆ ಹೋಗತ್ತೆ. ಹೀಲಿಯಂ ಡ್ರೈವಲ್ಲಿ ಆ ತೂತೇ ಇಲ್ಲ, ಪೂರ್ತಿ ಬೆಸುಗೆ ಹಾಕಿ ಮುಚ್ಚಿರ್ತಾರೆ. ಜೂನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಬೀರುಲಿರೋ ಬಟ್ಟೆಗೇ ಬೂಷ್ಟು ಬರತ್ತೆ, ಲೆನ್ಸಿಗೆ ಫಂಗಸ್ ಬರತ್ತೆ, ಆಗುಂಬೆ ಕಡೆಯವರಿಗಂತೂ ಹೇಳೋದೇ ಬೇಡ. ಹಾಗಂತ ಹೀಲಿಯಂ ಡ್ರೈವನ್ನ ಹೆಂಗೆ ಬೇಕಾದ್ರೂ ಇಡಬಹುದು ಅಂತಲ್ಲ, ಹೊರಗಡೆ ಇರೋ ಸರ್ಕ್ಯೂಟ್ ಬೋರ್ಡಿಗೆ ಥಂಡಿ ತಾಗೇ ತಾಗತ್ತೆ. ನಾನು ಎಲ್ಲ ಡ್ರೈವನ್ನೂ ಗಾಳಿ ಹೋಗ್ದೆ ಇರೋ ಡಬ್ಬೀಲಿ ಸಿಲಿಕಾ ಜೆಲ್ ಜೊತೆ ಇಟ್ಟಿರ್ತೀನಿ, ಜೆಲ್ ಬಣ್ಣ ತಿರುಗಿದ್ರೆ ಬಿಸಿ ಮಾಡಿ ಒಣಗಿಸಿ ಮತ್ತೆ ಇಡೋದು.

ಈಗ ಎಸ್‌ಎಂಆರ್, ಸಾಲುಗಳನ್ನ ಒಂದರ ಮೇಲೊಂದು ಹತ್ತಿಸಿ ಬರೆಯೋ ರೀತಿ. ಇದನ್ನ ಮಾತ್ರ ದಯವಿಟ್ಟು ಎಲ್ಲರೂ ತಿಳ್ಕೊಳ್ಳಿ, ಯಾಕಂದ್ರೆ ಅಂಗಡೀಲಿ ಕಡಿಮೆ ರೇಟಿಗೆ ಸಿಗೋ ಎಷ್ಟೋ ಡ್ರೈವ್ ಇದೇ ಆಗಿರತ್ತೆ. ಓದೋ ಹೆಡ್ಡಿಗಿಂತ ಬರೆಯೋ ಹೆಡ್ಡು ಅಗಲ. ಹಂಗಾಗಿ ಒಂದು ಸಾಲು ಬರೆದು, ಮುಂದಿನ ಸಾಲನ್ನ ಅದರ ಅಂಚಿನ ಮೇಲೆ ಹತ್ತಿಸಿ ಬರೆದ್ರೆ, ಉಳಿದಿರೋ ಸಣ್ಣ ಪಟ್ಟಿಯನ್ನೇ ಓದೋ ಹೆಡ್ಡು ಓದ್ಕೊಳ್ಳತ್ತೆ, ಅಷ್ಟು ಜಾಗ ಉಳೀತು. ನಮ್ಮ ಹಂಚಿನ ಮಾಡಿದ್ಯಲ್ಲ, ಒಂದರ ಮೇಲೊಂದು ಹತ್ತಿಸಿ ಹೊದೆಸಿರ್ತಾರೆ, ಹಂಗೇನೇ. ಮಾಡಿನ ನಡುವೆ ಒಂದು ಹಂಚು ಒಡೆದ್ರೆ ಅದೊಂದನ್ನೇ ಕಿತ್ತು ಹಾಕೋಕಾಗಲ್ಲ, ಅದರ ಮೇಲೆ ಹತ್ತಿ ಕೂತಿರೋದನ್ನ ಮೊದಲು ಸರಿಸ್ಬೇಕು. ಎಸ್‌ಎಂಆರ್ ಡಿಸ್ಕಲ್ಲೂ ನಡುವಿನ ಒಂದು ಸಾಲು ಬದಲಾಯಿಸ್ಬೇಕು ಅಂದ್ರೆ ಅದರ ಮುಂದಿನ ಸಾಲು, ಅದರ ಮುಂದಿಂದು, ಹೀಗೆ ಆ ಪಟ್ಟಿ ಮುಗಿಯೋವರೆಗೂ ಎಲ್ಲ ಓದಿ ಮತ್ತೆ ಬರೀಬೇಕು.

ಇದು ಹೊರಗೆ ಕಾಣ್ದೆ ಇರ್ಲಿ ಅಂತ ಡ್ರೈವ್ ಒಳಗೆ ಮಾಮೂಲಿ ರೀತಿ ಬರೆಯೋ ಒಂದಷ್ಟು ಜಾಗ ಇಟ್ಟಿರ್ತಾರೆ, ಮೊದಲು ಎಲ್ಲ ಅಲ್ಲಿಗೆ ಹೋಗತ್ತೆ, ಬಿಡುವಿದ್ದಾಗ ಡ್ರೈವೇ ಅದನ್ನ ಒಳಗೆ ಜೋಡಿಸ್ಕೊಳ್ಳತ್ತೆ. ಸಣ್ಣ ಪುಟ್ಟ ಕೆಲಸಕ್ಕೆ ಗೊತ್ತಾಗಲ್ಲ. ಸಾಗರದಲ್ಲಿ ಸ್ಟುಡಿಯೊ ಇಟ್ಟಿರೋ ಸ್ನೇಹಿತರೊಬ್ಬರು ಮದುವೆ ಸೀಸನ್ ಮುಗಿದ ಮೇಲೆ ಇಡೀ ಸೀಸನ್ನಿಂದ್ದು ಒಂದೇ ಸಲ ಹೊಸ ಡ್ರೈವಿಗೆ ಕಾಪಿ ಕೊಟ್ಟಿದ್ರು, ಶುರುಲಿ ಚೆನ್ನಾಗೇ ಓಡ್ತಿತ್ತು, ಸುಮಾರು ಹೊತ್ತಾದ್ಮೇಲೆ ವೇಗ ಬಿದ್ದು ಬಿದ್ದು ಪೆನ್‌ಡ್ರೈವಿಗಿಂತ ಕೆಳಗೆ ಹೋಯ್ತು, ಡ್ರೈವ್ ಕೆಟ್ಟಿದೆ ಅಂತ ವಾಪಸ್ ಕೊಡೋಕೆ ಹೊರಟಿದ್ರು. ಕೆಟ್ಟಿರ್ಲಿಲ್ಲ, ಆ ಮಾಮೂಲಿ ಜಾಗ ತುಂಬಿತ್ತು ಅಷ್ಟೇ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ಎನ್‌ಎಎಸ್‌ಗೆ (ನೆಟ್‌ವರ್ಕಿಗೆ ಜೋಡಿಸೋ ಡಿಸ್ಕ್ ಪೆಟ್ಟಿಗೆಗೆ) ಅಂತ ಮಾರೋ ರೆಡ್ ಸಾಲಿನ ಕೆಲವು ಡ್ರೈವಲ್ಲಿ ಹೇಳ್ದೆ ಎಸ್‌ಎಂಆರ್ ಹಾಕಿದ್ದು ಹೊರಗೆ ಬಂದು ದೊಡ್ಡ ಗಲಾಟೆ ಆಯ್ತು, ಆಮೇಲೆ ಅವರು ಪಟ್ಟಿ ಹಾಕಿ, ಮಾಮೂಲಿ ರೀತಿ ಬರೆಯೋದನ್ನ ರೆಡ್ ಪ್ಲಸ್ ಅಂತ ಬೇರೆ ಮಾಡಿದ್ರು. ತಂತ್ರ ತಪ್ಪಲ್ಲ, ಹೇಳ್ದೆ ಮಾರಿದ್ದು ತಪ್ಪು. ಒಂದ್ಸಲ ಬರೆದು ಸುಮ್ನೆ ಇಡೋಕಾದ್ರೆ ಎಸ್‌ಎಂಆರ್ ಪರವಾಗಿಲ್ಲ, ದಿನಾ ಬರೆದು ಅಳಿಸಿ ಮಾಡೋ ಡ್ರೈವಿಗೆ, ರೇಡ್‌ಗೆ (ಒಂದು ಡ್ರೈವ್ ಹೋದ್ರೂ ಡೇಟಾ ಉಳೀಲಿ ಅಂತ ಹಲವು ಡ್ರೈವ್ ಜೋಡಿಸಿ ಬಳಸೋದಕ್ಕೆ) ಬೇಡ. ಮಾಡೆಲ್ ನಂಬರ್ ಇಟ್ಕೊಂಡು ಕಂಪನಿಯ ಡೇಟಾಶೀಟ್ ನೋಡಿ, ಸಿಎಂಆರ್, ಅಂದ್ರೆ ಸಾಲು ಹತ್ತಿಸ್ದೆ ಮಾಮೂಲಿ ರೀತಿ ಬರೆಯೋದು, ಅಂತ ಇದ್ಯಾ ನೋಡ್ಕೊಂಡು ತಗೊಳ್ಳಿ. ಸೀಗೇಟಿನ ಹೊಸ ಬಿಸಿ ಡ್ರೈವಲ್ಲೂ ಎರಡು ಥರ ಇದೆ, 30 ಟಿಬಿದು ಸಿಎಂಆರ್, 36 ಟಿಬಿದು ಎಸ್‌ಎಂಆರ್.

ಇನ್ನು ನಾನು ಹೇಳ್ಬೇಕು ಅಂತಿದ್ದ ವಿಷಯ.

2007ರ ಆ ಮೊದಲ 1 ಟಿಬಿ ಡ್ರೈವ್ ಸೆಕೆಂಡಿಗೆ 80 ಎಂಬಿ ಆಸುಪಾಸು ಓದ್ತಿತ್ತು, ಅಂದ್ರೆ ಪೂರ್ತಿ ಓದೋಕೆ ಮೂರೂವರೆ ಗಂಟೆ. ಈಗಿನ 30 ಟಿಬಿ ಡ್ರೈವ್ ಹೇಳ್ಕೊಳ್ಳೋದು ಸೆಕೆಂಡಿಗೆ 275 ಎಂಬಿ. ಜಾಗ ಮೂವತ್ತು ಪಟ್ಟು ಆಯ್ತು, ವೇಗ ಮೂರೂವರೆ ಪಟ್ಟು. ಭಾಗಿಸಿ ನೋಡಿ, ಪೂರ್ತಿ ಓದೋಕೆ 30 ಗಂಟೆ ಮೇಲೆ. ಅದೂ ತಟ್ಟೆಯ ಹೊರ ಅಂಚಿನ ವೇಗ, ಒಳಗಿನ ಸಾಲುಗಳು ಸಣ್ಣ, ಒಂದು ಸುತ್ತಿಗೆ ಸಿಗೋ ಬಿಟ್ ಕಡಿಮೆ, ಅಲ್ಲಿ ವೇಗ ಹತ್ತತ್ರ ಅರ್ಧಕ್ಕೆ ಬರತ್ತೆ. ಸರಾಸರಿ 200 ಅಂತ ಹಿಡಿದ್ರೆ 41 ಗಂಟೆ ಚಿಲ್ಲರೆ, ಬೇರೆ ಯಾವ ಕೆಲಸಾನೂ ಕೊಡ್ದೆ ಒಂದೇ ಸಮ ಓಡಿದ್ರೆ.

ಯಾಕೆ ಹಿಂಗೆ ಅಂದ್ರೆ, ಜಾಗ ಎರಡು ದಿಕ್ಕಲ್ಲಿ ಬೆಳೆಯತ್ತೆ, ಒಂದೇ ಸಾಲಲ್ಲಿ ಬಿಟ್‌ಗಳು ಒತ್ತೊತ್ತಾಗಿ ಕೂರೋದು ಒಂದು, ಸಾಲುಗಳೇ ಒತ್ತೊತ್ತಾಗೋದು ಇನ್ನೊಂದು. ಮೊದಲನೇದರಿಂದ ಮಾತ್ರ ವೇಗ ಬರತ್ತೆ, ಒಂದು ಸುತ್ತಲ್ಲಿ ಹೆಚ್ಚು ಬಿಟ್ ಹೆಡ್ಡಿನ ಕೆಳಗೆ ಹೋಗೋದ್ರಿಂದ. ಸಾಲು ಜಾಸ್ತಿ ಆದ್ರೆ ಸುತ್ತಬೇಕಾದ ಸುತ್ತು ಜಾಸ್ತಿ ಆಯ್ತು ಅಷ್ಟೇ. ತಟ್ಟೆ ಹತ್ತು ಮಾಡಿದ್ರೂ ಇಪ್ಪತ್ತು ಹೆಡ್ಡು ಒಟ್ಟಿಗೆ ಓದಲ್ಲ, ಎಲ್ಲ ಒಂದೇ ತೋಳಿಗೆ ಅಂಟಿರತ್ತೆ, ಸಾಲುಗಳು ಇಷ್ಟು ಸಣ್ಣ ಇರುವಾಗ ಒಂದು ಹೆಡ್ಡು ಸಾಲಿನ ಮೇಲೆ ಸರಿಯಾಗಿ ನಿಂತ್ರೆ ಉಳಿದವು ಸ್ವಲ್ಪ ಆಚೀಚೆ ಇರತ್ತೆ, ಹಂಗಾಗಿ ಒಂದು ಹೊತ್ತಿಗೆ ಒಂದೇ. ಸುತ್ತೋ ವೇಗಾನೂ 7200ರಲ್ಲೇ ನಿಂತಿದೆ. ತೋಳನ್ನೇ ಎರಡು ಮಾಡಿ, ಎರಡೂ ಬೇರೆ ಬೇರೆ ಓಡೋ ಹಂಗೆ ಸೀಗೇಟ್ ಮ್ಯಾಕ್.2 ಅಂತ ಮಾಡಿದ್ದಾರೆ, ಅದು ಡೇಟಾ ಸೆಂಟರ್ ಮಾಲು, ಮನೆಗೆ ತರೋ ಡ್ರೈವಲ್ಲಿ ಬಂದಿಲ್ಲ.

ಈಗ ಈ 41 ಗಂಟೆಯನ್ನ ನಮ್ಮೂರಿಗೆ ತಂದು ಇಡಿ. ಜುಲೈ ತಿಂಗಳು, ಜಡಿಮಳೆ, ಗಾಳಿಗೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದ್ರೆ ಶಿವಮೊಗ್ಗ ಪೇಟೇಲಿ ಗಂಟೆಗಳ ಲೆಕ್ಕ, ಹೊಸನಗರ, ತೀರ್ಥಹಳ್ಳಿ ಒಳಗಿನ ಹಳ್ಳಿಗಳಲ್ಲಿ ದಿನಗಳ ಲೆಕ್ಕ. ಯುಪಿಎಸ್ ಇದ್ರೂ ಅದು ಕಂಪ್ಯೂಟರನ್ನ ಸರಿಯಾಗಿ ಆಫ್ ಮಾಡೋವಷ್ಟು ಹೊತ್ತಿಗೆ. ರೇಡಲ್ಲಿ ಒಂದು ಡ್ರೈವ್ ಹೋಯ್ತು ಅಂತಿಟ್ಕೊಳ್ಳಿ, ಹೊಸದು ಹಾಕಿ ಮತ್ತೆ ಕಟ್ಟೋ ಆ ಎರಡು ದಿನ, ಉಳಿದ ಡ್ರೈವ್‌ಗಳು, ಅವೂ ಅದೇ ವಯಸ್ಸಿಂದು, ಒಂದೇ ಸಮ ಓಡ್ತಿರ್ಬೇಕು, ಅಷ್ಟರಲ್ಲಿ ಇನ್ನೊಂದು ಕೈ ಕೊಟ್ರೆ ಎಲ್ಲಾ ಹೋಯ್ತು. 30 ಟಿಬಿ ಒಂದೇ ಡಬ್ಬೀಲಿ ಅಂದ್ರೆ ಹೋದಾಗ ಹೋಗೋದೂ ಒಂದೇ ಸಲ 30 ಟಿಬಿ.

ಅದಕ್ಕೇ ನಾನು ಹೇಳೋದು, ನಮ್ಮಂಥವರು ಡ್ರೈವ್ ಗಾತ್ರ ಆರಿಸುವಾಗ ಎಷ್ಟು ಹಿಡಿಯತ್ತೆ ಅನ್ನೋದಕ್ಕಿಂತ ಮೊದಲು, ಇದು ಪೂರ್ತಿ ಕಾಪಿ ಆಗೋಕೆ ಎಷ್ಟು ಹೊತ್ತು, ಅಷ್ಟು ಹೊತ್ತು ನಮ್ಮನೇಲಿ ಕರೆಂಟ್ ನಿಲ್ಲತ್ತಾ ಅಂತ ಕೇಳ್ಕೊಳ್ಳಿ. ನಂಗೆ 8 ಟಿಬಿ ಸರಿ ಹೋಗತ್ತೆ, ಹನ್ನೆರಡು ಗಂಟೆ ಚಿಲ್ಲರೇಲಿ ಮುಗಿಯತ್ತೆ, ಸಂಜೆ ಹಚ್ಚಿದ್ರೆ ಬೆಳಗ್ಗೆ ತಿಂಡಿ ಹೊತ್ತಿಗೆ ಆಗಿರತ್ತೆ. ಪ್ರಸಂಗ, ವರ್ಷ ನೋಡ್ಕೊಂಡು ಡ್ರೈವ್ ಹಂಚ್ಕೊಂಡು, ಪ್ರತಿಯೊಂದಕ್ಕೂ ಜೋಡಿ ಮಾಡಿ, ಒಂದು ಶಿವಮೊಗ್ಗದ ಮನೇಲಿ, ಜೋಡೀದು ಸಾಗರದಲ್ಲಿ ತಂಗಿ ಮನೇಲಿ ಇಡ್ತೀನಿ. ಕಾಪಿ ಆದ್ಮೇಲೆ ಪ್ರತಿ ಫೈಲಿನ ಚೆಕ್‌ಸಮ್ (ಫೈಲ್ ಒಂಚೂರು ಬದಲಾದ್ರೂ ಬದಲಾಗೋ ಗುರುತಿನ ಸಂಖ್ಯೆ) ತೆಗೆದು ಎರಡೂ ಕಡೆ ತಾಳೆ ನೋಡೋದು, ಆ ಪಟ್ಟೀನೂ ಡ್ರೈವಲ್ಲೇ ಇಡೋದು. ವರ್ಷಕ್ಕೊಂದ್ಸಲ, ಚಳಿಗಾಲದಲ್ಲಿ ಹವೆ ಒಣಗಿದ್ದಾಗ, ಎಲ್ಲ ಹೊರಗೆ ತೆಗೆದು ಓಡಿಸಿ ಮತ್ತೆ ತಾಳೆ ನೋಡೋದು.

ತಂಗಿ ಮಗ ಇಂಜಿನಿಯರಿಂಗ್ ಓದ್ತಿದ್ದಾನೆ, ಆ ಕೆಲಸಕ್ಕೆ ಅವನೂ ಕೂರ್ತಾನೆ. "ಮಾವ, ದೊಡ್ಡ ಎಸ್‌ಎಸ್‌ಡಿ ತಗೊಂಡ್ಬಿಟ್ರೆ ಈ ರಗಳೆನೇ ಇಲ್ವಲ್ಲ, 122 ಟಿಬಿದೂ ಬಂದಿದ್ಯಂತಲ್ಲ" ಅಂದ. ಬಂದಿದೆ, ಸೊಲಿಡೈಮ್‌ನವರು 2024ರ ನವೆಂಬರಲ್ಲಿ ಘೋಷಣೆ ಮಾಡಿದ್ರು, ವೇಗಾನೂ ಹಾರ್ಡ್ ಡಿಸ್ಕಿಗಿಂತ ಎಷ್ಟೋ ಪಟ್ಟು ಜಾಸ್ತಿ. "ನೀ ಹೇಳೋದು ಸರಿ ಮಾರಾಯ, ಆದ್ರೆ ಅದು ಕರೆಂಟ್ ಕೊಡ್ದೆ ಕಪಾಟಲ್ಲಿ ಇಡೋ ವಸ್ತು ಅಲ್ಲ" ಅಂದೆ. ಎಸ್‌ಎಸ್‌ಡಿಲಿ ಡೇಟಾ ಉಳಿಯೋದು ಸಣ್ಣ ಸಣ್ಣ ಕೋಶಗಳಲ್ಲಿ ಹಿಡಿದಿಟ್ಟ ಎಲೆಕ್ಟ್ರಾನ್ ಚಾರ್ಜಿಂದ, ಅದು ನಿಧಾನಕ್ಕೆ ಸೋರತ್ತೆ. ನಾವು ಬಳಸೋ ಮಾಮೂಲಿ ಎಸ್‌ಎಸ್‌ಡಿಗೆ ಚಿಪ್ ಉದ್ಯಮದ ಜೆಡೆಕ್ ಸಂಸ್ಥೆಯ ಮಾನದಂಡ ಕೇಳೋದೇ ಇಷ್ಟು, ಬರೆದು ಬರೆದು ಆಯಸ್ಸು ತೀರಿದ ಮೇಲೆ ಕರೆಂಟಿಲ್ದೆ 30 ಡಿಗ್ರೀಲಿ ಒಂದು ವರ್ಷ ಡೇಟಾ ಉಳೀಬೇಕು ಅಂತ. ಹೊಸದರಲ್ಲಿ ಇನ್ನೂ ಜಾಸ್ತಿ ಉಳಿಯತ್ತೆ, ಆದ್ರೂ ಹತ್ತಾರು ವರ್ಷದ ಕೆಲಸಕ್ಕೆ ನಾನು ಅದನ್ನ ನಂಬಲ್ಲ. ಎಡಿಟಿಂಗ್ ಮಾಡೋಕೆ ಎಸ್‌ಎಸ್‌ಡಿ, ಇಡೋಕೆ ಹಾರ್ಡ್ ಡಿಸ್ಕ್. ಟೇಪ್ ಇನ್ನೂ ಒಳ್ಳೇದು, ಎಲ್‌ಟಿಓ-9 ಕಾರ್ಟ್ರಿಜ್ ಒಂದಕ್ಕೆ 18 ಟಿಬಿ ಹಿಡಿಯತ್ತೆ, ಆದ್ರೆ ಅದನ್ನ ಓದಿ ಬರೆಯೋ ಯಂತ್ರದ ಬೆಲೆ ಒಬ್ಬೊಬ್ಬರಿಗೆ ಆಗೋದಲ್ಲ. ಜಿಲ್ಲೆಗೊಂದು ಕಡೆ, ಯಾವುದಾದ್ರೂ ಕಾಲೇಜಲ್ಲೋ ಲೈಬ್ರರೀಲೋ ಅಂಥದ್ದೊಂದು ಯಂತ್ರ ಇಟ್ಟು, ಊರವರು ತಮ್ಮ ರೆಕಾರ್ಡಿಂಗ್ ತಂದು ಟೇಪಿಗೆ ಹಾಕಿಸ್ಕೊಂಡು ಹೋಗೋ ಹಂಗಾದ್ರೆ ಎಷ್ಟು ಉಳಿಯತ್ತೆ ಅಂತ ನಂಗೆ ಆಗಾಗ ಅನ್ಸತ್ತೆ, ಯಾರಾದ್ರೂ ಮುಂದೆ ಬಂದ್ರೆ ನಾನೂ ಕೈ ಜೋಡಿಸ್ತೀನಿ.

ಒಂದು ಸಣ್ಣ ವಿಷಯ ಬಿಟ್ಟು ಹೋಗಿತ್ತು. 30 ಟಿಬಿ ಅಂತ ತಂದು ವಿಂಡೋಸಲ್ಲಿ ನೋಡಿದ್ರೆ 27.28 ಅಂತ ತೋರಿಸತ್ತೆ, ಮೋಸ ಅಲ್ಲ, ಕಂಪನಿ 1000ರ ಲೆಕ್ಕದಲ್ಲಿ ಹೇಳತ್ತೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಹಾಗಾದ್ರೆ ಬಿಸಿ ಡ್ರೈವಿಂದ ನಮಗೇನೂ ಉಪಯೋಗ ಇಲ್ವಾ ಅಂದ್ರೆ, ಇದೆ, ಬಹಳ ಇದೆ. ತಟ್ಟೆ ಒಂದಕ್ಕೆ 3 ಟಿಬಿ ಅಂದ್ರೆ ಮೂರೇ ತಟ್ಟೇಲಿ 9 ಟಿಬಿ ಡ್ರೈವ್ ಮಾಡ್ಬಹುದು. ತಟ್ಟೆ ಕಡಿಮೆ ಆದ್ರೆ ಹೆಡ್ಡು ಕಡಿಮೆ, ತೂಕ ಕಡಿಮೆ, ಕೆಡೋಕೆ ಇರೋ ಭಾಗಾನೂ ಕಡಿಮೆ, ಒಂದೊಂದು ಸಾಲಲ್ಲಿ ಬಿಟ್ ಒತ್ತಾಗಿರೋದ್ರಿಂದ ವೇಗಾನೂ ಹಳೇ 8 ಟಿಬಿಗಿಂತ ಸ್ವಲ್ಪ ಮೇಲೆ. ಸೀಗೇಟ್‌ನವರು ಸಣ್ಣ ಗಾತ್ರದ ಡ್ರೈವ್‌ಗಳಿಗೂ ಈ ತಂತ್ರ ತರ್ತೀವಿ ಅಂತ ಹೇಳಿದ್ದಾರೆ. ನಾನು ಕಾಯ್ತಿರೋದು ಅದಕ್ಕೇ, 30 ಟಿಬಿಗಲ್ಲ. ಅಲ್ಲಿವರೆಗೆ ಈ ಮಳೆಗಾಲ ಕಳೆದ ಮೇಲೆ ಮಾಮೂಲಿ 8 ಟಿಬಿ ಸಿಎಂಆರ್ ಒಂದು ಜೋಡಿ ತಗೊಳ್ಳೋದು, ಜೋಡೀಲಿ ಒಂದು ಒಂದು ಅಂಗಡೀಲಿ, ಇನ್ನೊಂದು ಬೇರೆ ಅಂಗಡೀಲಿ, ಎರಡೂ ಒಂದೇ ಬ್ಯಾಚಿಂದು ಬರ್ಬಾರ್ದು ಅಂತ. ಮೊದಲು ಹೋಗೋದು ಹೊಸನಗರ ಕಡೆಯಿಂದ ಬಂದಿರೋ ಕ್ಯಾಸೆಟ್‌ಗಳು. ನಿಮ್ಮನೇಲೂ ಅಟ್ಟದ ಮೇಲೆ ಅಂಥ ಕ್ಯಾಸೆಟ್ ಇದ್ರೆ ಮಳೆ ಹಿಡಿಯೋ ಮೊದಲು ಕೆಳಗೆ ಇಳಿಸಿ, ಬೂಷ್ಟು ಕಂಡ್ರೆ ಮನೇಲಿ ಪ್ಲೇಯರಿಗೆ ಹಾಕಿ ನೋಡ್ಬೇಡಿ, ಹೆಡ್ಡಿಗೂ ಅಂಟತ್ತೆ ಬೇರೆ ಕ್ಯಾಸೆಟ್ಟಿಗೂ ಹರಡತ್ತೆ, ಹಂಗೇ ಒಂದು ಕವರಲ್ಲಿ ಹಾಕಿ ಬೇರೆ ಇಡಿ, ನಾನು ಬಂದು ತಗೊಂಡು ಹೋಗಿ ಕಾಪಿ ಮಾಡಿ ಕೊಡ್ತೀನಿ.